ನಿಶ್ಚಲ ಕ್ಯಾಮೆರಾದ ಮುಂದೆ ಅಪರಾಧ: ಲೂಯಿ ಫೋಯಾದ್‌ನ ‘ಫಾಂತೊಮಾಸ್’ ಮತ್ತು ಅದರ ಕಲಾಪರಂಪರೆ

ಚಲನಚಿತ್ರದ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಬಹುಕಾಲ ಸಂಕಲನವನ್ನೇ ಮುಖ್ಯ ಅಳತೆಗೋಲಾಗಿ ಇಟ್ಟುಕೊಂಡಿದ್ದರು. ಒಂದು ಚಿತ್ರಿಕೆಯ ಪಕ್ಕದಲ್ಲಿ ಇನ್ನೊಂದು ಚಿತ್ರಿಕೆಯನ್ನಿಟ್ಟು ಅರ್ಥವನ್ನು ಕಟ್ಟುವ ಕ್ರಮವೇ ಈ ಕಲೆಯ ಸ್ವಧರ್ಮವೆಂದೂ, ಅದನ್ನು ಕಂಡುಕೊಳ್ಳದ ಚಿತ್ರಗಳೆಲ್ಲ ರಂಗಭೂಮಿಯ ನೆರಳಿನಲ್ಲಿಯೇ ಉಳಿದವೆಂದೂ ಅವರು ಭಾವಿಸಿದ್ದರು. ಈ ಲೆಕ್ಕದಲ್ಲಿ ಅಮೆರಿಕದ ಡಿ. ಡಬ್ಲ್ಯು. ಗ್ರಿಫಿತ್ ಕಲೆಯ ಜನಕನಾದನು; ರಷ್ಯಾದ ಐಸೆನ್‌ಸ್ಟೈನ್ ಅದಕ್ಕೆ ಸಿದ್ಧಾಂತದ ಬಲ ಕೊಟ್ಟವನಾದನು. ಅದೇ ವರ್ಷಗಳಲ್ಲಿ ಪ್ಯಾರಿಸ್ಸಿನಲ್ಲಿ ಕುಳಿತು ಆರುನೂರಕ್ಕೂ ಹೆಚ್ಚು ಚಿತ್ರಗಳನ್ನು ನಿರ್ಮಿಸಿದ ಲೂಯಿ ಫೋಯಾದ್‌ಗೆ ದೊರೆತದ್ದು ಕೇವಲ ಅಡಿಟಿಪ್ಪಣಿಯ ಸ್ಥಾನ. ಕ್ಯಾಮೆರಾವನ್ನು ಒಂದೆಡೆ ನಿಲ್ಲಿಸಿ, ನಟರನ್ನು ಅದರ ಮುಂದೆ ಓಡಾಡಿಸಿ, ಪತ್ತೇದಾರಿ ಕಥೆಗಳನ್ನು ಚಿತ್ರಿಸಿದ ಜನಪ್ರಿಯ ಕಸುಬುದಾರನೆಂದು ಅವನನ್ನು ಬದಿಗಿಡಲಾಯಿತು. 1913-14ರಲ್ಲಿ ತೆರೆಕಂಡ ಅವನ ‘ಫಾಂತೊಮಾಸ್’ ಚಿತ್ರಮಾಲೆಯನ್ನು ಸೂಕ್ಷ್ಮವಾಗಿ ಪರಿಶೀಲಿಸಿದರೆ ಈ ತೀರ್ಮಾನ ಎಷ್ಟು ಅವಸರದ್ದೆಂಬುದು ಗೊತ್ತಾಗುತ್ತದೆ. ಹಿಂದುಳಿದ ತಂತ್ರವೆಂದು ಕಂಡ ನಿಶ್ಚಲತೆಯೇ ಆ ಚಿತ್ರದ ಭಯಕ್ಕೂ ಬೆರಗಿಗೂ ಮೂಲ. ಮುಂದಿನ ತಲೆಮಾರಿನ ಕವಿಗಳು, ಚಿತ್ರಕಾರರು, ನಿರ್ದೇಶಕರು ಅವನಿಂದ ಪಡೆದ ಬಳುವಳಿಯೂ ಅದೇ.

ಫೋಯಾದ್ ಹುಟ್ಟಿದ್ದು 1873ರಲ್ಲಿ, ದಕ್ಷಿಣ ಫ್ರಾನ್ಸಿನ ಲ್ಯುನೆಲ್ ಎಂಬ ಊರಿನಲ್ಲಿ. ದ್ರಾಕ್ಷಾರಸದ ವ್ಯಾಪಾರದಲ್ಲಿ ತೊಡಗಿದ್ದ ಕುಟುಂಬದಲ್ಲಿ. ಸೈನ್ಯದ ಅಶ್ವದಳದಲ್ಲಿ ಕೆಲಕಾಲವಿದ್ದು, ಅನಂತರ ಪ್ಯಾರಿಸ್ಸಿಗೆ ಬಂದು ಪತ್ರಿಕಾ ಬರವಣಿಗೆಯಲ್ಲಿ ತೊಡಗಿದನು. ನಂಬಿಕೆಯಲ್ಲಿ ನಿಷ್ಠಾವಂತ ಕ್ಯಾಥೊಲಿಕ್. ರಾಜಕೀಯದಲ್ಲಿ ಗಣರಾಜ್ಯವನ್ನು ಒಪ್ಪದ ರಾಜಪಕ್ಷಪಾತಿ. ಅಭಿರುಚಿಯಲ್ಲಿ ಗೂಳಿಕಾಳಗದ ಮೋಹಿ. ಇಂಥ ಸಂಪ್ರದಾಯನಿಷ್ಠನೊಬ್ಬ ನ್ಯಾಯವ್ಯವಸ್ಥೆಯನ್ನು ಬುಡಸಹಿತ ಅಣಕಿಸುವ ಚಿತ್ರಗಳನ್ನು ಮಾಡಿದನೆಂಬುದು ವಿಚಿತ್ರವಾಗಿ ಕಂಡರೂ ನಿಜ. 1905ರಲ್ಲಿ ಅವನು ಗೋಮೋಂ ಸಂಸ್ಥೆಗೆ ಕಥೆಗಾರನಾಗಿ ಸೇರಿದನು. ಆಗ ಅಲ್ಲಿನ ನಿರ್ಮಾಣ ವಿಭಾಗದ ಮುಖ್ಯಸ್ಥೆ ಆಲಿಸ್ ಗೀ. ಜಗತ್ತಿನ ಮೊದಲ ಚಿತ್ರನಿರ್ದೇಶಕಿಯೆಂದು ಇಂದು ಮನ್ನಣೆ ಪಡೆದಿರುವ ಆಕೆ 1907ರಲ್ಲಿ ಅಮೆರಿಕಕ್ಕೆ ಹೊರಟಾಗ, ಆಕೆಯ ಶಿಫಾರಸಿನ ಮೇರೆಗೆ ಆ ಹೊಣೆ ಫೋಯಾದ್‌ನ ಹೆಗಲಿಗೆ ಬಂದಿತು. ಹಾಸ್ಯ, ಪುರಾಣ, ಬೈಬಲ್ಲಿನ ಕಥೆ, ಮಕ್ಕಳ ಚೇಷ್ಟೆ, ಹೀಗೆ ಪೇಟೆ ಕೇಳಿದ್ದನ್ನೆಲ್ಲ ಅವನು ಒದಗಿಸಿದನು. 1911ರಲ್ಲಿ ‘ಇರುವಂತೆಯೇ ಬದುಕು’ ಎಂಬ ಅರ್ಥದ ಹೆಸರಿನಲ್ಲಿ ಆರಂಭಿಸಿದ ಚಿತ್ರಸರಣಿಯನ್ನು ಮಾತ್ರ ಇಲ್ಲಿ ವಿಶೇಷವಾಗಿ ನೆನೆಯಬೇಕು. ಅಲಂಕಾರವಿಲ್ಲದ ದಿನನಿತ್ಯದ ಬದುಕನ್ನು ತೆರೆಗೆ ತರುವ ಆ ಪ್ರಯತ್ನ ಹೆಚ್ಚುಕಾಲ ನಡೆಯಲಿಲ್ಲ. ಆದರೆ ಅಲ್ಲಿ ರೂಢಿಸಿಕೊಂಡ ಕಣ್ಣು ಎರಡೇ ವರ್ಷಗಳಲ್ಲಿ ತೀರ ಬೇರೆಯಾದ ವಸ್ತುವಿಗೆ ಉಪಯೋಗಕ್ಕೆ ಬಂದಿತು.

ಆ ವಸ್ತು ಬಂದದ್ದು ಅಗ್ಗದ ಕಾದಂಬರಿಗಳಿಂದ. ಪಿಯೆರ್ ಸುವೆಸ್ತ್ರ್ ಮತ್ತು ಮಾರ್ಸೆಲ್ ಅಲ್ಲೇಂ ಎಂಬ ಇಬ್ಬರು ಬರಹಗಾರರು 1911ರ ಫೆಬ್ರವರಿಯಿಂದ ತಿಂಗಳಿಗೊಂದರಂತೆ ಒಟ್ಟು 32 ಸಂಪುಟಗಳನ್ನು ಹೊರತಂದರು. ಕಥಾನಾಯಕ ಫಾಂತೊಮಾಸ್ ಕೊಲೆಗಾರ, ದರೋಡೆಕೋರ, ಕಾಮರೂಪಿ. ಅವನ ಬೆನ್ನುಹತ್ತಿದವರು ಪೊಲೀಸ್ ಅಧಿಕಾರಿ ಜೂವ್ ಮತ್ತು ಪತ್ರಕರ್ತ ಫಾಂದೋರ್. ಅಪರಾಧಕ್ಕೆ ಕಾರಣವಾಗಲಿ, ಹಿನ್ನೆಲೆಯಾಗಲಿ, ಪಶ್ಚಾತ್ತಾಪವಾಗಲಿ ಈ ಪಾತ್ರಕ್ಕಿಲ್ಲ. ಬಡವರಿಗೆ ಹಂಚುವ ಉದಾರ ಕಳ್ಳನೂ ಅವನಲ್ಲ. ಲೇಖಕರು ಅಧ್ಯಾಯಗಳನ್ನು ಹಂಚಿಕೊಂಡು, ಧ್ವನಿಮುದ್ರಣ ಯಂತ್ರಕ್ಕೆ ಹೇಳಿ ಬರೆಯಿಸುತ್ತಿದ್ದರಾದ್ದರಿಂದ ಬರವಣಿಗೆಯಲ್ಲಿ ಹದವಿರಲಿಲ್ಲ. ವೇಗ ಮಾತ್ರ ಇತ್ತು. ಪ್ಯಾರಿಸ್ಸಿನ ಮೇಲೆ ಕಾಲಿಟ್ಟು ನಿಂತ, ಕೈಯಲ್ಲಿ ರಕ್ತಸಿಕ್ತ ಕಠಾರಿ ಹಿಡಿದ, ಮುಖವಾಡ ಧರಿಸಿದ ದೈತ್ಯಾಕೃತಿಯ ಸಭ್ಯ ಗೃಹಸ್ಥನನ್ನು ಮೊದಲ ಸಂಪುಟದ ಮುಖಪುಟದಲ್ಲಿ ಚಿತ್ರಿಸಲಾಗಿತ್ತು. ಗೋಮೋಂ ಸಂಸ್ಥೆ ಇದೇ ಚಿತ್ರವನ್ನು ತನ್ನ ಭಿತ್ತಿಪತ್ರಕ್ಕೆ ಬಳಸುವಾಗ ಕಠಾರಿಯನ್ನು ಅಳಿಸಿತು. ಖಾಲಿ ಕೈಯ ಆ ಆಕೃತಿ ಕಠಾರಿ ಹಿಡಿದುದಕ್ಕಿಂತ ಹೆಚ್ಚು ಭೀಕರವಾಗಿ ಕಾಣುತ್ತದೆ ಎಂಬುದು ಬೇರೆ ಮಾತು.

ಚಿತ್ರ ಬಿಡುಗಡೆಯಾದ ಸಂದರ್ಭವನ್ನು ಮರೆತು ಅದರ ಪರಿಣಾಮವನ್ನು ತಿಳಿಯಲಾಗದು. 1911ರ ಡಿಸೆಂಬರ್ 21ರಂದು ಪ್ಯಾರಿಸ್ಸಿನ ಓರ್ದನೇರ್ ಬೀದಿಯಲ್ಲಿ ಬ್ಯಾಂಕಿನ ಹಣ ತರುತ್ತಿದ್ದ ನೌಕರನನ್ನು ಹಾಡಹಗಲೇ ಗುಂಡಿಟ್ಟು ದೋಚಿದ ತಂಡವೊಂದು ಮೋಟಾರುಕಾರಿನಲ್ಲಿ ಪರಾರಿಯಾಯಿತು. ಬೊನ್ನೋ ತಂಡವೆಂದು ಹೆಸರಾದ ಈ ಅರಾಜಕವಾದಿಗಳ ಕೈಯಲ್ಲಿ ಕಾರು ಇತ್ತು. ಬೆನ್ನಟ್ಟಬೇಕಾದ ಪೊಲೀಸರಿಗೆ ಆಗ ಸೈಕಲ್ಲು ಕುದುರೆಗಳೇ ಗತಿಯಾಗಿದ್ದವು. ಬೊನ್ನೋ 1912ರ ಏಪ್ರಿಲ್‌ನಲ್ಲಿ ಪೊಲೀಸರ ಮುತ್ತಿಗೆಯಲ್ಲಿ ಸತ್ತನು. ತಂಡದ ಮೂವರನ್ನು 1913ರ ಏಪ್ರಿಲ್ 21ರಂದು ಗಿಲೋಟಿನ್ ಯಂತ್ರಕ್ಕೆ ತಲೆಯೊಡ್ಡಿಸಲಾಯಿತು. ಇದಾಗಿ ಮೂರು ವಾರ ತುಂಬುವುದರೊಳಗೆ, ಮೇ 9ರಂದು, ‘ಗಿಲೋಟಿನ್ನಿನ ನೆರಳಿನಲ್ಲಿ ಫಾಂತೊಮಾಸ್’ ತೆರೆಕಂಡಿತು. ಪ್ರೇಕ್ಷಕರು ಚಿತ್ರಮಂದಿರಕ್ಕೆ ಬಂದಾಗ ಅವರ ಮನಸ್ಸಿನಲ್ಲಿ ನಿಜವಾದ ಗಿಲೋಟಿನ್ನಿನ ಸುದ್ದಿ ಇನ್ನೂ ಹಸಿಯಾಗಿತ್ತು.

ಈ ಮೊದಲ ಚಿತ್ರದ ಕಥೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಆರಂಭದಲ್ಲಿಯೇ ನಟ ರೆನೆ ನವಾರ್‌ನ ಮುಖ ತೆರೆಯ ಮೇಲೆ ಮೂಡಿ, ಒಂದರಲ್ಲೊಂದು ಕರಗುತ್ತಾ, ಈ ಚಿತ್ರದಲ್ಲಿ ಅವನು ತಾಳುವ ವೇಷಗಳನ್ನೆಲ್ಲ ಒಂದೊಂದಾಗಿ ತೋರಿಸುತ್ತದೆ. ಪತ್ತೇದಾರಿ ಕಥನದ ಮೂಲ ಪ್ರಶ್ನೆಯಾದ ‘ಅಪರಾಧಿ ಯಾರು?’ ಎಂಬುದನ್ನು ಫೋಯಾದ್ ಮೊದಲ ನಿಮಿಷದಲ್ಲಿಯೇ ಬಿಟ್ಟುಕೊಡುತ್ತಾನೆ. ಪ್ರೇಕ್ಷಕನಿಗೆ ಎಲ್ಲವೂ ಗೊತ್ತು. ಕಾನೂನಿಗೆ ಮಾತ್ರ ಏನೂ ಗೊತ್ತಿಲ್ಲ. ರಾಜಕುಮಾರಿ ಸೋನಿಯಾ ದಾನಿದೋಫ್ ತಂಗಿದ್ದ ಹೋಟೆಲಿನ ಕೋಣೆಯಲ್ಲಿ ಪರದೆಯ ಮರೆಯಿಂದ ಒಬ್ಬ ಸಭ್ಯ ಉಡುಪಿನ ವ್ಯಕ್ತಿ ಹೊರಬರುತ್ತಾನೆ, ಹಣ ಆಭರಣಗಳನ್ನು ವಿನಯದಿಂದಲೇ ತೆಗೆದುಕೊಂಡು ತನ್ನ ಪರಿಚಯ ಚೀಟಿಯನ್ನು ಕೊಟ್ಟು ಹೋಗುತ್ತಾನೆ. ಚೀಟಿ ಖಾಲಿ. ಅವನು ಮರೆಯಾದ ಮೇಲೆ ಅದರಲ್ಲಿ ‘ಫಾಂತೊಮಾಸ್’ ಎಂಬ ಅಕ್ಷರಗಳು ನಿಧಾನವಾಗಿ ಮೂಡುತ್ತವೆ. ಅಷ್ಟರಲ್ಲಿ ಲಿಫ್ಟಿನ ಸೇವಕನ ಸಮವಸ್ತ್ರ ಧರಿಸಿದ ಕಳ್ಳ ಎಲ್ಲರೆದುರೇ ಹೊರನಡೆದಿರುತ್ತಾನೆ. ಸಮವಸ್ತ್ರವನ್ನು ಕಂಡವರು ಅದರೊಳಗಿನ ಮನುಷ್ಯನನ್ನು ಕಾಣುವುದಿಲ್ಲ ಎಂಬ ಸಾಮಾಜಿಕ ಸತ್ಯವೇ ಅವನ ಮಾಯಾವಿದ್ಯೆ.

ಮುಂದೆ ಗುರ್ನ್ ಎಂಬ ಹೆಸರಿನಲ್ಲಿ ಅವನು ಸಿಕ್ಕಿಬಿದ್ದು ಮರಣದಂಡನೆಗೆ ಗುರಿಯಾಗುತ್ತಾನೆ. ಅವನ ಪ್ರೇಯಸಿ ಲೇಡಿ ಬೆಲ್ತಾಂ ಸೆರೆಮನೆಯ ಕಾವಲುಗಾರನಿಗೆ ಲಂಚ ಕೊಟ್ಟು, ಅದೇ ಗುರ್ನ್‌ನ ಪಾತ್ರವನ್ನು ರಂಗದ ಮೇಲೆ ಅಭಿನಯಿಸುತ್ತಿದ್ದ ವಾಲ್‌ಗ್ರಾನ್ ಎಂಬ ನಟನನ್ನು ವೇಷದ ಸಮೇತ ಬರಮಾಡಿಕೊಳ್ಳುತ್ತಾಳೆ. ಮತ್ತು ಬರಿಸಿ ಅವನನ್ನು ಅಪರಾಧಿಯ ಸ್ಥಾನದಲ್ಲಿ ಸೆರೆಮನೆಗೆ ಸೇರಿಸಲಾಗುತ್ತದೆ. ಕಾದಂಬರಿಯಲ್ಲಿ ಈ ನಿರಪರಾಧಿ ನಟನ ತಲೆ ಉರುಳಿಯೇ ಬಿಡುತ್ತದೆ. ಚಿತ್ರದಲ್ಲಿ ಜೂವ್ ಕೊನೆಯ ಗಳಿಗೆಯಲ್ಲಿ ಅದು ಬಣ್ಣದ ವೇಷವೆಂದು ಕಂಡುಹಿಡಿದು ತಪ್ಪಿಸುತ್ತಾನೆ. ಇದು ಪ್ರೇಕ್ಷಕರಿಗೂ ಅಧಿಕಾರಿಗಳಿಗೂ ಅಂಜಿ ಮಾಡಿದ ಮಾರ್ಪಾಡೆಂದು ಹೇಳಬಹುದಾದರೂ ಅದರಿಂದ ಬಂದ ಲಾಭ ದೊಡ್ಡದು. ನ್ಯಾಯದ ಯಂತ್ರ ಸಿದ್ಧವಾಗಿ ನಿಂತಿದೆ. ಅದಕ್ಕೆ ಒಪ್ಪಿಸಬೇಕಾದ ದೇಹವೂ ಇದೆ. ಆ ದೇಹ ಯಾರದೆಂಬುದಷ್ಟೇ ಖಚಿತವಿಲ್ಲ. ಸೋತ ಜೂವ್ ತನ್ನ ಕೋಣೆಯಲ್ಲಿ ಕುಳಿತಿರುವಾಗ ಮುಖವಾಡ ತೊಟ್ಟ ಫಾಂತೊಮಾಸ್ ಎದುರು ನಿಂತು ಬೇಡಿ ಹಾಕಿಸಿಕೊಳ್ಳುವವನಂತೆ ಕೈಚಾಚುತ್ತಾನೆ. ಜೂವ್ ಹಿಡಿಯಲು ಧಾವಿಸಿದರೆ ಅಲ್ಲಿ ಬರಿಯ ಗಾಳಿ.

ಗುರುತಿನ ಈ ಬಿಕ್ಕಟ್ಟನ್ನು ಮುಂದಿನ ನಾಲ್ಕು ಚಿತ್ರಗಳು ಬೆಳೆಸುತ್ತವೆ. ಆ ಕಾಲದ ಫ್ರೆಂಚ್ ಪೊಲೀಸ್ ವ್ಯವಸ್ಥೆ ದೇಹವನ್ನು ಅಳೆದು ಅಪರಾಧಿಯನ್ನು ಗುರುತಿಸುವ ವಿಜ್ಞಾನದಲ್ಲಿ ಹೆಸರಾಗಿತ್ತು. ಆಲ್ಫೋನ್ಸ್ ಬರ್ತಿಯೋನ್ ರೂಪಿಸಿದ ಅಂಗಾಂಗಗಳ ಅಳತೆ, ಎದುರಿನಿಂದಲೂ ಪಕ್ಕದಿಂದಲೂ ತೆಗೆದ ಛಾಯಾಚಿತ್ರ, ಆಮೇಲೆ ಸೇರಿದ ಬೆರಳಚ್ಚು, ಇವೆಲ್ಲ ಮನುಷ್ಯನೊಬ್ಬ ತನ್ನನ್ನು ಬಿಟ್ಟು ಇನ್ನೊಬ್ಬನಾಗಲಾರ ಎಂಬ ನಂಬಿಕೆಯ ಮೇಲೆ ನಿಂತಿದ್ದವು. ಮೂರನೆಯ ಚಿತ್ರವಾದ ‘ಕೊಲ್ಲುವ ಶವ’ ಈ ನಂಬಿಕೆಗೇ ಕೈಹಾಕುತ್ತದೆ. ಕೊಲೆಯ ಆರೋಪ ಹೊತ್ತ ದೊಲ್ಲೋನ್ ಎಂಬ ಚಿತ್ರಕಾರ ಸೆರೆಯಲ್ಲಿಯೇ ಸಾಯುತ್ತಾನೆ. ಅವನ ಶವ ಕಾಣೆಯಾಗುತ್ತದೆ. ಆ ಬಳಿಕ ನಡೆದ ಅಪರಾಧಗಳ ಸ್ಥಳದಲ್ಲೆಲ್ಲ ಸತ್ತವನ ಬೆರಳಚ್ಚುಗಳೇ ದೊರೆಯುತ್ತವೆ. ಶವದ ಕೈಯ ಚರ್ಮವನ್ನು ಸುಲಿದು ಕೈಗವಸು ಮಾಡಿಕೊಂಡ ಫಾಂತೊಮಾಸ್ ಅದನ್ನು ತೊಟ್ಟು ಕೊಲೆ ಮಾಡುತ್ತಿರುತ್ತಾನೆ. ವಿಜ್ಞಾನ ಸುಳ್ಳು ಹೇಳಿಲ್ಲ. ಅಳತೆ ಸರಿಯಾಗಿಯೇ ಇದೆ. ಆದರೂ ಸತ್ಯ ಕೈಗೆ ಸಿಕ್ಕಿಲ್ಲ. ಈ ಚಿತ್ರ ಬಿಡುಗಡೆಯಾದದ್ದು 1913ರ ನವೆಂಬರಿನಲ್ಲಿ. 1911ರ ಆಗಸ್ಟ್‌ನಲ್ಲಿ ಲೂವ್ರ್ ವಸ್ತುಸಂಗ್ರಹಾಲಯದಿಂದ ಕಳುವಾಗಿದ್ದ ‘ಮೋನಾಲೀಸಾ’ ಪತ್ತೆಯಾದದ್ದು ಮರುತಿಂಗಳು. ಕಳ್ಳ ಗಾಜಿನ ಮೇಲೆ ಬೆರಳಚ್ಚನ್ನು ಬಿಟ್ಟೇ ಹೋಗಿದ್ದರೂ ಅವನು ಯಾರೆಂಬುದು ಎರಡು ವರ್ಷ ಪೊಲೀಸರಿಗೆ ತಿಳಿದಿರಲಿಲ್ಲ. ಅಗ್ಗದ ಕಾದಂಬರಿಯಿಂದ ಎತ್ತಿಕೊಂಡ ಕಲ್ಪನೆಗೆ ನಗರದ ವಾಸ್ತವವೇ ಸಾಕ್ಷಿ ಒದಗಿಸಿದಂತಾಯಿತು.

ಐದನೆಯ ಚಿತ್ರವಾದ ‘ನಕಲಿ ನ್ಯಾಯಾಧೀಶ’ದಲ್ಲಿ ಈ ವ್ಯಂಗ್ಯ ತನ್ನ ತುದಿಯನ್ನು ಮುಟ್ಟುತ್ತದೆ. ಬೆಲ್ಜಿಯಮ್ಮಿನ ಸೆರೆಮನೆಯಲ್ಲಿರುವ ಫಾಂತೊಮಾಸ್‌ನನ್ನು ಫ್ರಾನ್ಸಿನ ಗಿಲೋಟಿನ್ನಿಗೆ ಒಪ್ಪಿಸಬೇಕೆಂಬ ಹಟದಿಂದ ಜೂವ್ ತಾನೇ ಅವನನ್ನು ತಪ್ಪಿಸಿ, ಅವನ ಬದಲು ತಾನು ಸೆರೆಯಲ್ಲಿ ಕೂರುತ್ತಾನೆ. ಹೊರಬಂದ ಫಾಂತೊಮಾಸ್ ನ್ಯಾಯಾಧೀಶನೊಬ್ಬನನ್ನು ಕೊಂದು ಅವನ ಹೆಸರು, ಪೀಠ, ಮೊಹರುಗಳನ್ನೆಲ್ಲ ವಶಪಡಿಸಿಕೊಳ್ಳುತ್ತಾನೆ. ಕೊನೆಗೆ ಜೂವ್ ಅವನನ್ನು ಹಿಡಿದಾಗ ಎಲ್ಲವೂ ಮುಗಿಯಿತೆನಿಸುತ್ತದೆ. ಆದರೆ ಸೆರೆಸಿಕ್ಕುವ ಮುನ್ನವೇ ನ್ಯಾಯಾಧೀಶನ ಅಧಿಕಾರದಿಂದ ಅವನು ಒಂದು ಆಜ್ಞೆಗೆ ಸಹಿ ಮಾಡಿರುತ್ತಾನೆ: ಫಾಂತೊಮಾಸ್ ಎಂದು ಬಂಧಿತನಾಗಿ ಬರುವವನು ವೇಷ ಮರೆಸಿಕೊಂಡ ಜೂವ್, ಅವನನ್ನು ಗುಟ್ಟಾಗಿ ಬಿಟ್ಟುಬಿಡತಕ್ಕದ್ದು. ಸೆರೆಮನೆಯ ಅಧಿಕಾರಿ ಕಾಗದವನ್ನು ನಂಬುತ್ತಾನೆ. ಆಡಳಿತದ ಕಡತಗಳಲ್ಲಿ ಸಹಿಗೆ ಇರುವ ಬೆಲೆ ಮನುಷ್ಯನ ಮುಖಕ್ಕಿಲ್ಲ ಎಂಬುದನ್ನು ಇದಕ್ಕಿಂತ ಮೊನಚಾಗಿ ಹೇಳಿದ ಮೂಕಚಿತ್ರ ಮತ್ತೊಂದಿರಲಾರದು.

ಈಗ ಕ್ಯಾಮೆರಾದ ಪ್ರಶ್ನೆಗೆ ಬರಬಹುದು. ಗ್ರಿಫಿತ್ ತನ್ನ ‘ದಿ ಲೋನ್ಲಿ ವಿಲ್ಲಾ’ (1909) ಚಿತ್ರದಲ್ಲಿ ಅಪಾಯಕ್ಕೆ ಸಿಕ್ಕ ಕುಟುಂಬ, ಒಳನುಗ್ಗುವ ಕಳ್ಳರು, ನೆರವಿಗೆ ಧಾವಿಸುವ ಯಜಮಾನ ಇವರನ್ನು ಬೇರೆಬೇರೆ ಚಿತ್ರಿಕೆಗಳಲ್ಲಿ ಒಡೆದು, ಒಂದರಿಂದೊಂದಕ್ಕೆ ವೇಗವಾಗಿ ಜಿಗಿಯುತ್ತಾ ಉದ್ವೇಗವನ್ನು ಹುಟ್ಟಿಸಿದನು. ಅವನ ‘ದಿ ಮಸ್ಕೆಟೀರ್ಸ್ ಆಫ್ ಪಿಗ್ ಆಲಿ’ (1912) ನ್ಯೂಯಾರ್ಕಿನ ಪುಂಡರ ಗುಂಪುಗಳನ್ನು ಕುರಿತ ಆರಂಭಕಾಲದ ಪ್ರಮುಖ ಅಪರಾಧ ಚಿತ್ರ. ಫೋಯಾದ್‌ನ ದಾರಿ ಬೇರೆ. ಅವನ ಕ್ಯಾಮೆರಾ ಬಹುಮಟ್ಟಿಗೆ ನಿಂತಲ್ಲೇ ನಿಲ್ಲುತ್ತದೆ. ಒಂದು ಚಿತ್ರಿಕೆ ಒಂದು ಸನ್ನಿವೇಶವನ್ನು ಬಹುಪಾಲು ಪೂರ್ತಿಯಾಗಿ ಹೊರುತ್ತದೆ. ಪತ್ರ, ಚೀಟಿ, ಬೆರಳಚ್ಚಿನಂಥ ವಿವರ ತೋರಿಸುವಾಗ ಮಾತ್ರ ಅದು ಹತ್ತಿರ ಹೋಗುತ್ತದೆ. ಇದನ್ನು ಕಂಡವರು ‘ಚಿತ್ರೀಕರಿಸಿದ ನಾಟಕ’ ಎಂದು ತೀರ್ಮಾನಿಸಿದರು.

ಆದರೆ ರಂಗಸ್ಥಳಕ್ಕೂ ಕ್ಯಾಮೆರಾದ ಕ್ಷೇತ್ರಕ್ಕೂ ಇರುವ ಭೇದ ಮೂಲಭೂತವಾದುದು. ರಂಗಸ್ಥಳ ಪ್ರೇಕ್ಷಕನ ಕಡೆಗೆ ಅಗಲವಾಗಿ ತೆರೆದಿರುತ್ತದೆ. ಸಭಾಂಗಣದ ಬೇರೆಬೇರೆ ಮೂಲೆಗಳಲ್ಲಿ ಕುಳಿತವರಿಗೆ ಅದು ಬೇರೆಬೇರೆಯಾಗಿ ಕಾಣುತ್ತದೆ. ಕ್ಯಾಮೆರಾಕ್ಕೆ ಇರುವುದು ಒಂದೇ ಕಣ್ಣು. ಅದರ ಮುಂದೆ ಹತ್ತಿರದ ಜಾಗ ಕಿರಿದು, ದೂರ ಹೋದಂತೆ ಹಿರಿದು. ಹತ್ತಿರ ನಿಂತ ನಟ ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಹಿಂದಿನ ಇಡೀ ಬಾಗಿಲು ಮರೆಯಾಗುತ್ತದೆ. ಮತ್ತೆ ಸರಿದರೆ ಆ ಬಾಗಿಲಲ್ಲಿ ನಿಂತವನ ಮುಖ ಬಯಲಾಗುತ್ತದೆ. ಈ ಜ್ಯಾಮಿತಿಯನ್ನು ಫೋಯಾದ್ ಪೂರ್ಣವಾಗಿ ಅರಿತಿದ್ದನು. ಅವನ ಚೌಕಟ್ಟಿನೊಳಗೆ ನಟರು ಮುಂದೆ ಬರುವುದು, ಬೆನ್ನು ತಿರುಗಿಸುವುದು, ಕುರ್ಚಿಯಲ್ಲಿ ಕೂರುವುದು ಇವೆಲ್ಲ ನೋಡುಗನ ದೃಷ್ಟಿಯನ್ನು ಒಬ್ಬರಿಂದ ಇನ್ನೊಬ್ಬರಿಗೆ ಸಾಗಿಸುವ ಉಪಾಯಗಳು. ಸಂಕಲನ ಕತ್ತರಿಯಿಂದ ಮಾಡುವ ಕೆಲಸವನ್ನು ಅವನು ನಟರ ಚಲನೆಯಿಂದ ಮಾಡಿಸುತ್ತಾನೆ. ಅಮೆರಿಕದ ವಿದ್ವಾಂಸ ಡೇವಿಡ್ ಬೋರ್ಡ್‌ವೆಲ್ 2005ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಫೋಯಾದ್‌ನ ಈ ಪಾತ್ರಸಂಯೋಜನೆಯನ್ನು ಚಿತ್ರಿಕೆ ಚಿತ್ರಿಕೆಯಾಗಿ ವಿಶ್ಲೇಷಿಸಿ, ಇದು ಸಂಕಲನಕ್ಕೆ ಸಮನಾದ ಇನ್ನೊಂದು ಶೈಲಿಯೇ ಹೊರತು ಅದರ ಅಭಾವವಲ್ಲ ಎಂಬುದನ್ನು ತೋರಿಸಿಕೊಟ್ಟನು.

ಇಷ್ಟರಿಂದ ತಂತ್ರದ ನೈಪುಣ್ಯ ಸ್ಥಾಪಿತವಾಯಿತು. ಅದಕ್ಕಿಂತ ಮುಖ್ಯವಾದದ್ದು ಈ ತಂತ್ರಕ್ಕೂ ವಸ್ತುವಿಗೂ ಇರುವ ಸಂಬಂಧ. ಫೋಯಾದ್‌ನ ಕ್ಯಾಮೆರಾ ಎಲ್ಲವನ್ನೂ ಸಮಚಿತ್ತದಿಂದ ನೋಡುತ್ತದೆ. ಕಾಫಿಮನೆ, ಸೇನ್ ನದಿಯ ದಂಡೆ, ಬೂದುಬಣ್ಣದ ಉಪನಗರದ ಬೀದಿ, ಬೇಲಿ, ದೀಪದ ಕಂಬ ಇವೆಲ್ಲ ಇದ್ದಂತೆಯೇ ಇವೆ. ಎರಡನೆಯ ಚಿತ್ರವಾದ ‘ಫಾಂತೊಮಾಸ್‌ಗೆ ಎದುರಾದ ಜೂವ್’ನಲ್ಲಿ ಬೆರ್ಸಿಯ ದಂಡೆಯ ಮೇಲೆ ಸಾಲುಗಟ್ಟಿದ ದ್ರಾಕ್ಷಾರಸದ ಪೀಪಾಯಿಗಳ ನಡುವೆ ಗುಂಡಿನ ಕಾಳಗ ನಡೆಯುತ್ತದೆ. ಪೀಪಾಯಿಗಳಿಗೆ ಬೆಂಕಿ ಬಿದ್ದಾಗ ಜೂವ್ ಮತ್ತು ಫಾಂದೋರ್ ಒಂದು ಖಾಲಿ ಪೀಪಾಯಿಯೊಳಗೆ ಹೊಕ್ಕು ಉರುಳಿ ನದಿಗೆ ಬಿದ್ದು ಬದುಕುತ್ತಾರೆ. ದ್ರಾಕ್ಷಾರಸದ ವ್ಯಾಪಾರವನ್ನು ಮನೆಯಲ್ಲೇ ಕಂಡಿದ್ದವನಿಗೆ ಈ ಜಾಗದ ಪರಿಚಯ ಹೊಸದೇನಲ್ಲ. ಅದೇ ಚಿತ್ರದಲ್ಲಿ ಇಬ್ಬರು ಎರಡೂ ತೋಳು ಹಿಡಿದು ಬಂಧಿಸಿದ ಫಾಂತೊಮಾಸ್ ಹಠಾತ್ತನೆ ಓಡಿಹೋಗುತ್ತಾನೆ; ಹಿಡಿದವರ ಕೈಯಲ್ಲಿ ಉಳಿಯುವುದು ಮೇಲಂಗಿಗೆ ಹೊಂದಿಸಿದ್ದ ಕೃತಕ ತೋಳುಗಳು. ಮುಂದೆ ಪೊಲೀಸರು ಮನೆ ಸುತ್ತುವರಿದಾಗ ಅವನು ನೀರಿನ ತೊಟ್ಟಿಯಲ್ಲಿ ಮುಳುಗಿ, ತಳ ಒಡೆದ ಬಾಟಲಿಯ ಮೂಲಕ ಉಸಿರಾಡುತ್ತಾ ಕೂರುತ್ತಾನೆ.

ಇಂಥ ಘಟನೆಗಳನ್ನು ಕೃತಕ ರಂಗಸಜ್ಜಿಕೆಯಲ್ಲಿ, ಓರೆಕೋರೆ ನೆರಳುಗಳಲ್ಲಿ, ಕ್ಷಣಕ್ಷಣಕ್ಕೆ ಕತ್ತರಿಸಿ ತೋರಿಸಿದ್ದರೆ ಅವು ಕೇವಲ ಕಟ್ಟುಕಥೆಯಾಗಿ ತೋರುತ್ತಿದ್ದವು. ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಅದ್ಭುತಕ್ಕೂ ಭಯಾನಕಕ್ಕೂ ಆಲಂಬನವಾಗಿರುವುದು ಅಲೌಕಿಕ ವಸ್ತುವಲ್ಲ; ತೀರ ಲೌಕಿಕವಾದ, ದಿನವೂ ಕಾಣುವ ವಸ್ತು. ವಿಭಾವಗಳೆಲ್ಲ ಸಾಧಾರಣ, ಹುಟ್ಟುವ ಭಾವ ಅಸಾಧಾರಣ. ಗೋಡೆಗೆ ಮೊಳೆ ಹೊಡೆದರೆ ರಕ್ತ ಒಸರುತ್ತದೆ, ಏಕೆಂದರೆ ಒಳಗೆ ಶವವನ್ನಿಟ್ಟು ಗಾರೆ ಮೆತ್ತಲಾಗಿದೆ. ಇಗರ್ಜಿಯ ಗಂಟೆ ಬಾರಿಸಿದರೆ ಕೆಳಗೆ ನಿಂತವರ ಮೇಲೆ ರಕ್ತವೂ ಒಡವೆಗಳೂ ಸುರಿಯುತ್ತವೆ, ಏಕೆಂದರೆ ಒಳಗೆ ಫಾಂತೊಮಾಸ್ ತೂಗುಬಿಟ್ಟು ಹೋದ ಸಹಚರನ ದೇಹವಿದೆ. ಕ್ಯಾಮೆರಾ ಇದನ್ನೂ ಕಾಫಿಮನೆಯನ್ನು ನೋಡಿದಷ್ಟೇ ನಿರ್ವಿಕಾರವಾಗಿ ನೋಡುತ್ತದೆ. ಯಾವುದನ್ನೂ ಬಚ್ಚಿಡದ ಈ ನೋಟಕ್ಕೂ ಅಪರಾಧಿ ಯಾರೆಂಬುದು ಹೊರನೋಟದಿಂದ ತಿಳಿಯುವುದಿಲ್ಲ; ವೇಷವನ್ನೂ ಮುಖವನ್ನೂ ಅದು ಒಂದೇ ಬಗೆಯಲ್ಲಿ ದಾಖಲಿಸುತ್ತದೆ. ಬರ್ತಿಯೋನ್‌ನ ಪೊಲೀಸ್ ಛಾಯಾಚಿತ್ರ ಸೋತ ಜಾಗದಲ್ಲಿಯೇ ಫೋಯಾದ್‌ನ ಚಲಿಸುವ ಛಾಯಾಚಿತ್ರ ಕಲೆಯಾಗುತ್ತದೆ.

ಮೊದಲ ಮಹಾಯುದ್ಧ ಚಿತ್ರಮಾಲೆಯನ್ನು ಐದಕ್ಕೇ ನಿಲ್ಲಿಸಿತು. ಸೈನ್ಯಕ್ಕೆ ಕರೆಬಂದ ಫೋಯಾದ್ ಹೃದಯದ ತೊಂದರೆಯ ಕಾರಣ ಬಿಡುಗಡೆ ಪಡೆದು ಮರಳಿದನು. ಪ್ರತಿಸ್ಪರ್ಧಿ ಪಾಥೆ ಸಂಸ್ಥೆ ಪರ್ಲ್ ವೈಟ್ ಅಭಿನಯದ ಅಮೆರಿಕನ್ ಧಾರಾವಾಹಿ ಚಿತ್ರವನ್ನು ಪ್ಯಾರಿಸ್ಸಿಗೆ ತರುವ ಸಿದ್ಧತೆಯಲ್ಲಿದ್ದಾಗ, ಅದಕ್ಕೆದುರಾಗಿ 1915ರ ನವೆಂಬರಿನಿಂದ 1916ರ ಜೂನ್‌ವರೆಗೆ ‘ಲೆ ವಾಂಪಿರ್’ ಹತ್ತು ಕಂತುಗಳಲ್ಲಿ ಬಂದಿತು. ಒಟ್ಟು ಅವಧಿ ಸುಮಾರು ಏಳು ಗಂಟೆ. ಸಿದ್ಧ ಚಿತ್ರಕಥೆಯಿಲ್ಲದೆ, ಸಿಕ್ಕ ನಟರನ್ನು ಹೊಂದಿಸಿಕೊಂಡು, ಕಥೆಯನ್ನು ಹೆಣೆಯುತ್ತಲೇ ಚಿತ್ರೀಕರಿಸಲಾಯಿತೆಂಬುದು ಅಲ್ಲಲ್ಲಿ ಎದ್ದುಕಾಣುತ್ತದೆ. ಹೊಲಿಗೆ ಬಿಚ್ಚಿದ ಕಥೆ, ಬೇಕೆಂದಾಗ ಸಾಯುವ ಪಾತ್ರಗಳು, ಪತ್ರಕರ್ತ ನಾಯಕನ ನಿಸ್ತೇಜ ಸದ್ಗುಣ ಇವೆಲ್ಲ ದೋಷಗಳೇ. ಆದರೂ ಗಂಡಸರು ಯುದ್ಧಭೂಮಿಗೆ ಹೋಗಿ ಬರಿದಾದ ಪ್ಯಾರಿಸ್ಸಿನ ಬೀದಿಗಳು, ಒಂದು ಭೋಜನಕೂಟದ ಅತಿಥಿಗಳೆಲ್ಲ ವಿಷಾನಿಲದಿಂದ ಪ್ರಜ್ಞೆತಪ್ಪಿ ಬಿದ್ದಿರುವ ದೃಶ್ಯ, ಇವು ಯುದ್ಧವನ್ನು ಹೆಸರಿಸದೆಯೇ ಯುದ್ಧಕಾಲದ ದುಃಸ್ವಪ್ನವನ್ನು ಕಾಣಿಸುತ್ತವೆ. ರಣರಂಗದಲ್ಲಿ ವಿಷಾನಿಲದ ಭಾರಿ ಪ್ರಯೋಗ ನಡೆದುದು ಅದೇ 1915ರಲ್ಲಿ. ಇರ್ಮಾ ವೆಪ್ ಎಂಬ ಖಳನಾಯಕಿಯಾಗಿ ಮ್ಯೂಸಿದೋರಾ ಕಾಣಿಸಿಕೊಳ್ಳುವುದು ಮೂರನೆಯ ಕಂತಿನಲ್ಲಿ. ಗೋಡೆಯ ಮೇಲಿನ ಭಿತ್ತಿಪತ್ರದಲ್ಲಿ ಆ ಹೆಸರಿನ ಅಕ್ಷರಗಳು ತಾವಾಗಿಯೇ ಚಲಿಸಿ, ಸ್ಥಾನಪಲ್ಲಟಗೊಂಡು ‘ವಾಂಪಿರ್’ ಎಂಬ ಪದವಾಗುತ್ತವೆ. ಮೈಗಂಟಿದ ಕಪ್ಪು ಉಡುಪಿನಲ್ಲಿ ಛಾವಣಿಯಿಂದ ಛಾವಣಿಗೆ ಸರಿಯುವ ಆಕೆಯ ರೂಪವನ್ನು ಒಮ್ಮೆ ನೋಡಿದವರು ಮರೆಯಲಾರರು. ಅಪರಾಧವನ್ನು ವೈಭವೀಕರಿಸುತ್ತದೆಂಬ ಆರೋಪದ ಮೇಲೆ ಪ್ಯಾರಿಸ್ ಪೊಲೀಸ್ ಇಲಾಖೆ ಈ ಚಿತ್ರವನ್ನು ಕೆಲಕಾಲ ತಡೆಹಿಡಿದಿತ್ತು. ಅನಂತರದ ‘ಜ್ಯುದೆಕ್ಸ್’ (1917) ಚಿತ್ರದಲ್ಲಿ ಕಪ್ಪು ಮೇಲಂಗಿಯನ್ನು ನ್ಯಾಯದ ಪಕ್ಷದ ನಾಯಕನಿಗೆ ತೊಡಿಸಿ ಫೋಯಾದ್ ಅಧಿಕಾರಿಗಳನ್ನು ಸಮಾಧಾನಪಡಿಸಿದನು.

ಸಮಕಾಲೀನ ಗಂಭೀರ ವಿಮರ್ಶೆ ಈ ಯಾವುದನ್ನೂ ಕಲೆಯೆಂದು ಒಪ್ಪಲಿಲ್ಲ. ಚಲನಚಿತ್ರಕ್ಕೆ ಕಾವ್ಯದ ಸ್ಥಾನಮಾನ ದೊರಕಿಸಬೇಕೆಂದು ಹೋರಾಡುತ್ತಿದ್ದ ಲೂಯಿ ದೆಲ್ಲುಕ್‌ಗೆ ಫೋಯಾದ್‌ನ ಧಾರಾವಾಹಿ ಚಿತ್ರಗಳೆಂದರೆ ಜಿಗುಪ್ಸೆ. ಅವನ ಟೀಕೆಯಲ್ಲಿ ದಯೆಯೆಂಬುದಿರಲಿಲ್ಲ. ಇಲ್ಲಿ ಒಂದು ಚಾರಿತ್ರಿಕ ವೈಚಿತ್ರ್ಯವಿದೆ. ಕಲೆಯ ಪಕ್ಷಪಾತಿಗಳು ತಿರಸ್ಕರಿಸಿದ ಚಿತ್ರಗಳನ್ನು ಎತ್ತಿಹಿಡಿದವರು ಕಲೆಯೆಂಬ ಮಾತನ್ನೇ ಅನುಮಾನಿಸುತ್ತಿದ್ದ ಹೊಸ ಕವಿಗಳು. ಅಪೊಲಿನೇರ್ ಯುದ್ಧಕ್ಕೆ ಮೊದಲೇ ಫಾಂತೊಮಾಸ್‌ನ ಅಭಿಮಾನಿಗಳ ಒಂದು ಕೂಟವನ್ನು ಕಟ್ಟಿಕೊಂಡಿದ್ದನು. ‘ಮೋನಾಲೀಸಾ’ ಕಳುವಿನ ಪ್ರಕರಣದಲ್ಲಿ ತಪ್ಪು ಸಂಶಯಕ್ಕೆ ಗುರಿಯಾಗಿ ಕೆಲದಿನ ಸೆರೆಯಲ್ಲಿದ್ದ ಕವಿಗೆ ಪೊಲೀಸರನ್ನು ನಗೆಪಾಟಲು ಮಾಡುವ ನಾಯಕ ಪ್ರಿಯನಾದುದರಲ್ಲಿ ಆಶ್ಚರ್ಯವೇನಿಲ್ಲ. ಬ್ರೆತೋನ್ ಮತ್ತು ಅರಾಗೋನ್ ತಮ್ಮ ತಾರುಣ್ಯದ ಕಾಲದ ನಿಜವಾದ ವಾಸ್ತವವನ್ನು ‘ಲೆ ವಾಂಪಿರ್’ನಲ್ಲಿಯೇ ಹುಡುಕಬೇಕೆಂದು 1920ರ ದಶಕದ ಕೊನೆಯಲ್ಲಿ ವಾದಿಸಿದರು. ರೊಬೇರ್ ದೆಸ್ನೋಸ್ ಫಾಂತೊಮಾಸ್‌ನ ಕುರಿತು ಬರೆದ ಲಾವಣಿ ಕುರ್ಟ್ ವೈಲ್‌ನ ಸಂಗೀತದೊಡನೆ 1933ರಲ್ಲಿ ರೇಡಿಯೋದಲ್ಲಿ ಪ್ರಸಾರವಾಯಿತು.

ಚಿತ್ರಕಲೆಯಲ್ಲಿ ಈ ಪ್ರಭಾವವನ್ನು ಅತ್ಯಂತ ಆಳವಾಗಿ ಅರಗಿಸಿಕೊಂಡವನು ಬೆಲ್ಜಿಯಮ್ಮಿನ ರೆನೆ ಮಾಗ್ರಿತ್. 1927ರಲ್ಲಿ ಅವನು ರಚಿಸಿದ ‘ಅಪಾಯಕ್ಕೊಳಗಾದ ಕೊಲೆಗಾರ’ ಎಂಬ ಚಿತ್ರದಲ್ಲಿ ಮಂಚದ ಮೇಲೆ ಸ್ತ್ರೀಯೊಬ್ಬಳ ಶವವಿದೆ. ಕೊಲೆಗಾರ ನಿರಾತಂಕವಾಗಿ ಗ್ರಾಮಫೋನ್ ಆಲಿಸುತ್ತಿದ್ದಾನೆ. ಬಾಗಿಲಿನ ಇಕ್ಕೆಲಗಳಲ್ಲಿ ದುಂಡುಟೋಪಿಯ ಇಬ್ಬರು, ಒಬ್ಬ ದೊಣ್ಣೆ ಹಿಡಿದು ಇನ್ನೊಬ್ಬ ಬಲೆ ಹಿಡಿದು, ಹೊಂಚುಹಾಕಿದ್ದಾರೆ. ಈ ಸಂಯೋಜನೆಯಲ್ಲಿ ‘ಕೊಲ್ಲುವ ಶವ’ದ ಒಂದು ಚೌಕಟ್ಟಿನ ಛಾಯೆಯಿದೆಯೆಂದು ಕಲಾಚರಿತ್ರಕಾರರು ಗುರುತಿಸಿದ್ದಾರೆ. ಸಾದೃಶ್ಯ ವ್ಯಕ್ತಿಗಳ ನಿಲುವಿನಲ್ಲಿ ಮಾತ್ರ ಇಲ್ಲ. ಮುಂಭಾಗ, ನಡು, ಹಿನ್ನೆಲೆ ಎಂಬ ಮೂರು ಪದರಗಳಲ್ಲಿ ಮೂರು ಬೇರೆಬೇರೆ ಅರಿವುಗಳನ್ನು ಏಕಕಾಲಕ್ಕೆ ಇಡುವ ಕ್ರಮ, ಭೀಕರವಾದುದನ್ನು ಸಪ್ಪೆಯಾದ ಬೆಳಕಿನಲ್ಲಿ ತೋರಿಸುವ ಕ್ರಮ, ಇವೆರಡೂ ಫೋಯಾದ್‌ನವೇ. ದುಂಡುಟೋಪಿಯ ಸಭ್ಯನನ್ನು ರಹಸ್ಯದ ಮೂರ್ತಿಯಾಗಿಸಿದ ಮಾಗ್ರಿತ್‌ನ ಮುಂದಿನ ಕೃತಿಗಳೆಲ್ಲ ಒಂದರ್ಥದಲ್ಲಿ ಈ ಪಾಠದ ವಿಸ್ತರಣೆ.

ಫೋಯಾದ್ 1925ರಲ್ಲಿ ನೀಸ್ ನಗರದಲ್ಲಿ ತೀರಿಕೊಂಡನು. ಧ್ವನಿಚಿತ್ರಗಳು ಬಂದ ಬಳಿಕ ಅವನ ಹೆಸರು ಜನರ ನೆನಪಿನಿಂದ ಬಹುಮಟ್ಟಿಗೆ ಅಳಿದಿತ್ತು. 1936ರಲ್ಲಿ ಪ್ಯಾರಿಸ್ಸಿನ ಚಿತ್ರಭಂಡಾರವನ್ನು ಸ್ಥಾಪಿಸಿದವರಲ್ಲಿ ಒಬ್ಬನಾದ ಆನ್ರಿ ಲಾಂಗ್ಲ್ವಾ ಉಳಿದ ಪ್ರತಿಗಳನ್ನು ಕೂಡಿಹಾಕಿ ಪ್ರದರ್ಶಿಸಿದ್ದರಿಂದ ಎರಡನೆಯ ಬಾಳು ಆರಂಭವಾಯಿತು. ಶೀರ್ಷಿಕೆ ಫಲಕಗಳಿಲ್ಲದ, ಯಾರು ಯಾರನ್ನು ಕೊಂದರೆಂಬುದೇ ತಿಳಿಯದ ಪ್ರತಿಯನ್ನು ನೋಡಿದ ಅನುಭವವನ್ನು ವಿಮರ್ಶಕ ಆಂದ್ರೆ ಬಾಜಿನ್ ದಾಖಲಿಸಿದ್ದಾನೆ. ಚಿತ್ರಿಕೆಯ ಆಳ ಹಾಗೂ ಅಖಂಡ ಕಾಲವನ್ನು ಸಂಕಲನಕ್ಕಿಂತ ಮೇಲೆಂದು ವಾದಿಸಿದ ಬಾಜಿನ್ ಅದಕ್ಕೆ ಉದಾಹರಣೆಗಳನ್ನು ಮುಖ್ಯವಾಗಿ ರೆನ್ವಾರ್ ಮತ್ತು ವೆಲ್ಸ್‌ರಲ್ಲಿ ಕಂಡನು. ಅದೇ ಸಿದ್ಧಾಂತ 1913ರ ಚಿತ್ರಗಳಿಗೂ ಅನ್ವಯಿಸುವುದೆಂಬುದನ್ನು ಅನಂತರದವರು ಕಂಡುಕೊಂಡರು. ಮ್ಯೂಸಿದೋರಾ ತನ್ನ ಕೊನೆಯ ವರ್ಷಗಳಲ್ಲಿ ಇದೇ ಚಿತ್ರಭಂಡಾರದಲ್ಲಿ ಕೆಲಸ ಮಾಡುತ್ತಿದ್ದಳು. ತಾನೇ ಚರಿತ್ರೆಯಾದವಳು ಚರಿತ್ರೆಯನ್ನು ಕಾಯುವ ಕೆಲಸ ಮಾಡಿದಳು. ಫೋಯಾದ್‌ನ ಮೊಮ್ಮಗ ಜಾಕ್ ಶಾಂಪ್ರೋ ಚಿತ್ರಗಳ ಪುನರುಜ್ಜೀವನಕ್ಕೆ ಶ್ರಮಿಸಿದನಲ್ಲದೆ, ಜಾರ್ಜ್ ಫ್ರಾಂಜು 1963ರಲ್ಲಿ ‘ಜ್ಯುದೆಕ್ಸ್’ ಕಥೆಯನ್ನು ಮತ್ತೆ ತೆರೆಗೆ ತಂದಾಗ ಅದರ ಚಿತ್ರಕಥೆಯಲ್ಲಿಯೂ ಪಾಲುಗೊಂಡನು.

ಪರಂಪರೆಯನ್ನು ಗುರುತಿಸುವಾಗ ಪಾತ್ರದ ಪರಂಪರೆಯನ್ನೂ ಶೈಲಿಯ ಪರಂಪರೆಯನ್ನೂ ಬೇರ್ಪಡಿಸಬೇಕಾಗುತ್ತದೆ. ಫಾಂತೊಮಾಸ್ ಎಂಬ ಪಾತ್ರ ಮತ್ತೆಮತ್ತೆ ತೆರೆಗೆ ಬಂದಿದೆ. 1932ರಲ್ಲಿ ಪಾಲ್ ಫೆಯೋಶ್ ಅದನ್ನು ಧ್ವನಿಚಿತ್ರವಾಗಿಸಿದನು. 1964ರಿಂದ 1967ರವರೆಗೆ ಆಂದ್ರೆ ಯುನೆಬೆಲ್ ನಿರ್ದೇಶಿಸಿದ ಮೂರು ಚಿತ್ರಗಳು ಜಾನ್ ಮಾರೆ, ಲೂಯಿ ದ ಫ್ಯುನೆಸ್‌ರ ಅಭಿನಯದಿಂದ ಅಪಾರ ಜನಪ್ರಿಯತೆ ಗಳಿಸಿದವು. ಅಲ್ಲಿ ಫಾಂತೊಮಾಸ್ ನೀಲಿ ರಬ್ಬರಿನ ಮುಖದ, ಯಂತ್ರೋಪಕರಣಗಳ ನಡುವೆ ಅಡಗಿದ ವಿನೋದದ ಖಳ. ಮುಖ ನೋಡಿದೊಡನೆಯೇ ಅವನು ಯಾರೆಂಬುದು ಗೊತ್ತಾಗುತ್ತದೆ. ಹೀಗಾಗಿ ಹೆಸರು ಉಳಿದು ಭಯ ಹೊರಟುಹೋಯಿತು. ಇದಕ್ಕೆ ವ್ಯತಿರಿಕ್ತವಾಗಿ, ಆ ಪಾತ್ರವನ್ನೇ ಬಳಸದ ಫ್ರಿಟ್ಸ್ ಲಾಂಗ್‌ನ ‘ಡಾಕ್ಟರ್ ಮಬೂಸೆ’ (1922) ಮೂಲದ ಸತ್ತ್ವಕ್ಕೆ ಹತ್ತಿರವಾಗಿದೆ. ಅಲ್ಲಿಯೂ ವೇಷಗಳ ಪರಂಪರೆಯಿಂದ ಕಥೆ ಆರಂಭವಾಗುತ್ತದೆ; ಅಲ್ಲಿಯೂ ಅಪರಾಧಿ ನಗರದ ಎಲ್ಲ ಸಂಸ್ಥೆಗಳ ಒಳಗಿದ್ದಾನೆ. ಆದರೆ ಲಾಂಗ್ ನಗರವನ್ನು ಬಹುಮಟ್ಟಿಗೆ ಸ್ಟುಡಿಯೋದೊಳಗೆ ಕಟ್ಟಿ ಅದನ್ನು ವಿಕೃತಗೊಳಿಸಿದನು. ಫೋಯಾದ್‌ಗೆ ಆ ಅಗತ್ಯವೇ ಕಂಡಿರಲಿಲ್ಲ. ಅವನಿಗೆ ಹೆಚ್ಚು ನಿಕಟರಾದವರು, ಪ್ಯಾರಿಸ್ಸಿನ ನಿಜವಾದ ಬೀದಿಗಳಲ್ಲಿ ನಡೆಯುತ್ತಲೇ ಒಳಸಂಚಿನ ಜಾಡು ಹುಡುಕುವ ‘ಔಟ್ 1’ (1971) ಚಿತ್ರದ ನಿರ್ದೇಶಕ ಜಾಕ್ ರಿವೆತ್‌ನಂಥವರು.

ಒಲಿವಿಯೇ ಅಸ್ಸಾಯಸ್ 1996ರಲ್ಲಿ ನಿರ್ದೇಶಿಸಿದ ‘ಇರ್ಮಾ ವೆಪ್’ ಈ ಪರಂಪರೆಯನ್ನೇ ವಸ್ತುವಾಗಿಸಿಕೊಂಡಿತು. ‘ಲೆ ವಾಂಪಿರ್’ ಚಿತ್ರವನ್ನು ಮರುನಿರ್ಮಿಸಲು ಹೊರಟ ಫ್ರೆಂಚ್ ನಿರ್ದೇಶಕನೊಬ್ಬ ಹಾಂಕಾಂಗ್‌ನ ನಟಿ ಮ್ಯಾಗಿ ಚಂಗ್‌ಳನ್ನು ಕರೆಸುತ್ತಾನೆ, ಕೆಲಸ ಕುಸಿದುಬೀಳುತ್ತದೆ. ಕಪ್ಪು ಉಡುಪು ತೊಟ್ಟ ನಟಿ ಒಂದು ರಾತ್ರಿ ತಾನು ತಂಗಿದ್ದ ಹೋಟೆಲಿನಲ್ಲಿ ಅಪರಿಚಿತಳ ಕೋಣೆಗೆ ನುಸುಳಿ ಒಡವೆಯೊಂದನ್ನು ಕದಿಯುತ್ತಾಳೆ, ಮಳೆಯಲ್ಲಿ ಛಾವಣಿಯ ಮೇಲೆ ನಿಂತು ಅದನ್ನು ಕೆಳಗೆ ಬಿಸುಡುತ್ತಾಳೆ. 2022ರಲ್ಲಿ ಅಸ್ಸಾಯಸ್ ಇದೇ ವಸ್ತುವನ್ನು ಎಂಟು ಕಂತುಗಳ ದೂರದರ್ಶನ ಧಾರಾವಾಹಿಯಾಗಿ ವಿಸ್ತರಿಸಿದನು. ಮೂಲವನ್ನು ಪುನಃ ಸೃಷ್ಟಿಸುವ ಪ್ರಯತ್ನ ಎರಡು ಕಡೆಯಲ್ಲೂ ತೊಡಕಿಗೆ ಸಿಲುಕುತ್ತದೆ. ಮೂಲದ ಭಂಗಿ, ಉಡುಪು, ಕಥೆಗಳನ್ನು ಅನುಕರಿಸಬಹುದು. 1915ರ ಬೀದಿಯ ಮುಂದೆ ಅಲುಗದೆ ನಿಂತ ಕ್ಯಾಮೆರಾದ ಮುಗ್ಧತೆಯನ್ನು ಅನುಕರಿಸಲಾಗದು.

‘ಫಾಂತೊಮಾಸ್’ನ ಪುನರುದ್ಧಾರಗೊಂಡ ಪ್ರತಿಗಳು ಇಂದು ಸಂಶೋಧಕರಿಗೆ ಲಭ್ಯವಿವೆ. ಮಸುಕಾದ ಹಳೆಯ ಪ್ರತಿಗಳನ್ನು ಆಧರಿಸಿ ಹಿಂದಿನ ತೀರ್ಪುಗಳು ಬಂದಿದ್ದವೆಂಬುದನ್ನು ಮರೆಯಬಾರದು. ಚಿತ್ರಿಕೆಯ ಹಿನ್ನೆಲೆಯೇ ಕಾಣದಿದ್ದಾಗ ಆಳದ ಸಂಯೋಜನೆ ಕಾಣುವುದಾದರೂ ಹೇಗೆ? ಈಗ ಕೋಣೆಯ ಹಿಂಬದಿಯ ಬಾಗಿಲು, ಅದರಾಚೆಯ ಮೊಗಸಾಲೆ, ಅಲ್ಲಿ ಸದ್ದಿಲ್ಲದೆ ಬಂದು ನಿಂತ ಸೇವಕ, ಎಲ್ಲವೂ ಸ್ಪಷ್ಟ. ಆ ಸೇವಕನೇ ಫಾಂತೊಮಾಸ್ ಇರಬಹುದು.